ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ?

ಬೆಳಗಿನ ಕಾಫಿಗೆಂದು ಒಲೆಯ ಮೇಲಿಟ್ಟ ನೀರು ಕೊತಕೊತ ಕುದಿಯುತ್ತಿದೆ. ತಳದಿಂದ ಎದ್ದ ದಪ್ಪ ಗುಳ್ಳೆಗಳು ಮೇಲೆ ಬಂದು ಒಡೆಯುತ್ತಿವೆ. ಆ ಗುಳ್ಳೆಗಳ ಒಳಗೆ ಏನಿದೆ? ಹೈಸ್ಕೂಲಿನಲ್ಲಿ ಓದುವ ಮಗನನ್ನೋ ಮಗಳನ್ನೋ ಕೇಳಿ ನೋಡಿ. 'ಗಾಳಿ' ಎಂಬ ಉತ್ತರ ಬರಬಹುದು. ರಸಾಯನಶಾಸ್ತ್ರವನ್ನು ಶ್ರದ್ಧೆಯಿಂದ ಓದಿದವರು 'ಜಲಜನಕ ಮತ್ತು ಆಮ್ಲಜನಕ' ಎಂದೂ ಹೇಳಿಯಾರು!

ಎರಡೂ ತಪ್ಪು. ಹಾಗೆಂದು ಮಕ್ಕಳನ್ನು ಗದರಬೇಕಿಲ್ಲ. ಆಸ್ಬರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು ನ್ಯೂಜಿಲೆಂಡಿನ 8ರಿಂದ 17 ವರ್ಷದ ಮಕ್ಕಳಿಗೆ ಇದೇ ಪ್ರಶ್ನೆ ಹಾಕಿದ್ದರು. 1983ರಲ್ಲಿ ಪ್ರಕಟವಾದ ಅವರ ವರದಿಯಲ್ಲೂ ಇವೇ ಉತ್ತರಗಳಿವೆ.

ನೀರು ಬಿಸಿಯಾಗತೊಡಗಿದಾಗ ಕಾಣುವ ಸಣ್ಣ ಗುಳ್ಳೆಗಳಲ್ಲಿ ಗಾಳಿ ಇರುವುದು ನಿಜ. ಅದು ನೀರಿನಲ್ಲಿ ಕರಗಿದ್ದ ಗಾಳಿ. ಕುದಿಯುವಾಗಿನ ದಪ್ಪ ಗುಳ್ಳೆಗಳಲ್ಲಿರುವುದು ಮಾತ್ರ ನೀರಿನ ಆವಿ, ಅಂದರೆ ನೀರೇ. ಜಲಜನಕ, ಆಮ್ಲಜನಕಗಳು ಹೊರಬರುತ್ತಿದ್ದರೆ ಉರಿಯುವ ಒಲೆಯ ಪಕ್ಕದಲ್ಲಿ ಕಾಫಿ ಮಾಡುವ ಧೈರ್ಯ ಯಾರಿಗಿರುತ್ತಿತ್ತು?

ಗೊಂದಲಕ್ಕೆ ಕಾರಣ, ಎರಡು ಬಗೆಯ ಬಂಧಗಳನ್ನು ಒಂದೇ ಎಂದು ತಿಳಿಯುವುದು. ಜಾತ್ರೆಗೆ ಬಂದ ತಾಯಿಯೊಬ್ಬಳು ಎರಡು ಮಕ್ಕಳ ಕೈ ಬಿಗಿಯಾಗಿ ಹಿಡಿದಿದ್ದಾಳೆ. ಅದೇ ನೀರಿನ ಅಣು: ಒಂದು ಆಮ್ಲಜನಕ, ಎರಡು ಜಲಜನಕ. ಅಂಥ ನೂರಾರು ಕುಟುಂಬಗಳು ಒತ್ತೊತ್ತಾಗಿ ನಿಂತರೆ ದ್ರವ. ಜಾತ್ರೆ ಮುಗಿದಾಗ ಗುಂಪು ಚದುರುತ್ತದೆ, ಆದರೆ ತಾಯಿ ಮಕ್ಕಳ ಕೈ ಬಿಡುವುದಿಲ್ಲ. ಕುದಿಯುವುದೆಂದರೆ ಇಷ್ಟೇ. 18 ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 41 ಕಿಲೋಜೌಲ್ ಶಕ್ತಿ ಸಾಕು. ಅಷ್ಟೇ ನೀರಿನ ಅಣುಗಳನ್ನು ಒಡೆದು ಬಿಡಿ ಪರಮಾಣುಗಳಾಗಿಸಲು ಸುಮಾರು 925 ಕಿಲೋಜೌಲ್ ಬೇಕು.

ಗುಂಪಿನ ಸೆಳೆತ ದುರ್ಬಲವೆಂದು ಕಡೆಗಣಿಸುವಂತಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್‌ನ ಅಣು ನೀರಿನ ಅಣುವಿಗಿಂತ ಭಾರ. ಆದರೂ ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದುಹೋಗುತ್ತದೆ. ನೀರನ್ನು 100 ಡಿಗ್ರಿಯವರೆಗೆ ಹಿಡಿದಿಡುವುದು ಅದರ ಅಣುಗಳ ನಡುವಿನ ಹೈಡ್ರೋಜನ್ ಬಂಧ. ಅದಿಲ್ಲದಿದ್ದರೆ ಭೂಮಿಯಲ್ಲಿ ನದಿ, ಕೆರೆಗಳೇ ಇರುತ್ತಿರಲಿಲ್ಲ.

ಅಣುಗಳ ನಡುವಿನ ಸೆಳೆತವನ್ನು ಅನಿಲಗಳ ಲೆಕ್ಕಾಚಾರಕ್ಕೆ ತಂದವರು ಹಾಲೆಂಡಿನ ವ್ಯಾನ್ ಡರ್ ವಾಲ್ಸ್. ಬಡಗಿಯೊಬ್ಬರ ಮಗನಾದ ಅವರು ಶಾಲಾ ಮಾಸ್ತರಿಕೆ ಮಾಡುತ್ತಲೇ ಓದು ಮುಂದುವರಿಸಿ, 1873ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. 1910ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಸೆಳೆತ ಅಡುಗೆಮನೆಯಲ್ಲಿ ಕೈ ಸುಡುವುದೂ ಉಂಟು. ಕುದಿಯುವ ನೀರಿನ ಒಂದು ಗ್ರಾಂ ಮೈಮೇಲೆ ಬಿದ್ದು ದೇಹದ ಶಾಖಕ್ಕೆ ಇಳಿಯುವಾಗ ಸುಮಾರು 63 ಕ್ಯಾಲೊರಿ ಬಿಟ್ಟುಕೊಡುತ್ತದೆ. ಒಂದು ಗ್ರಾಂ ಆವಿಯಾದರೋ, ಚರ್ಮದ ಮೇಲೆ ನೀರಾಗುವಾಗಲೇ ಸುಮಾರು 540 ಕ್ಯಾಲೊರಿ ಸುರಿಯುತ್ತದೆ. ಚದುರಿದ ಅಣುಗಳು ಮತ್ತೆ ಒಂದುಗೂಡುವಾಗ ಹೊರಬೀಳುವ ಗುಪ್ತೋಷ್ಣ ಇದು. ಇಡ್ಲಿ ಪಾತ್ರೆಯ ಮುಚ್ಚಳವನ್ನು ಮುಖದ ಕಡೆಗಲ್ಲ, ಆಚೆ ಕಡೆಗೆ ವಾಲಿಸಿ ತೆಗೆಯಬೇಕೆಂದು ಅಜ್ಜಿಯರು ಹೇಳುವುದು ಸುಮ್ಮನೆ ಅಲ್ಲ.

ಗುಳ್ಳೆಯಲ್ಲಿರುವುದು ನೀರೇ ಎಂಬುದಕ್ಕೆ ಸಾಕ್ಷಿ ಬೇಕೆ? ದೊಡ್ಡವರು ಒಂದು ತಣ್ಣನೆಯ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಕುದಿಯುವ ಪಾತ್ರೆಯ ಮೇಲೆ ಅರೆನಿಮಿಷ ತೋರಲಿ. ತಟ್ಟೆಯ ಅಡಿಯಲ್ಲಿ ಮೂಡುವ ಹನಿಗಳನ್ನು ಮಕ್ಕಳೇ ನೋಡಲಿ.