ಸಿನಿಮಾ ಮಾಡಿದವರು ಯಾರು?

ಒಂದು ಭಾನುವಾರ ಟೀವಿಯಲ್ಲಿ 'ಶರಪಂಜರ' ಸಿನಿಮಾ ಬಂತು. ಮಾರನೆಯ ದಿನ ರಾತ್ರಿ ನಮ್ಮ ಕಲಿಕಾ ಕೇಂದ್ರಕ್ಕೆ ಬಂದ ಅಕ್ಕಂದಿರು ಪುಸ್ತಕವನ್ನೇ ತೆಗೆಯಲಿಲ್ಲ. ಎಲ್ಲರ ಬಾಯಲ್ಲೂ ಅದೇ ಮಾತು.

"ಕಲ್ಪನಾ ಎಷ್ಟು ಚೆನ್ನಾಗಿ ಮಾಡವ್ಳೆ ಅಲ್ವಾ ಟೀಚ್ರೇ?"

"ಆ ಗಂಡನ್ನ ನೋಡಿದ್ರೆ ಮೈ ಉರೀತದೆ."

ನಾವು ಕೇಳಿದೆವು, "ಸರಿ, ಈ ಸಿನಿಮಾ ಮಾಡಿದವರು ಯಾರು?"

"ಕಲ್ಪನಾ" ಅಂದರು ಒಬ್ಬರು. "ಗಂಗಾಧರ್" ಅಂದರು ಇನ್ನೊಬ್ಬರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಹೇಳಿದರು, "ಅವರೆಲ್ಲ ಕುಣಿಯೋರು ಕಣ್ರವ್ವಾ. ಕುಣಿಸೋನು ಒಬ್ಬ ಇರಬೇಕಲ್ಲ!"

ಅಜ್ಜಿಯ ಮಾತು ಸರಿ. ಆ ಕುಣಿಸುವವರಿಗೆ ನಿರ್ದೇಶಕ ಎಂದು ಹೆಸರು. ಕರಿಹಲಗೆಯ ಮೇಲೆ ಬಿಡಿಸಿ ಬರೆದೆವು. ನಿ - ರ್ದೇ - ಶ - ಕ. ಅರ್ಕಾವತ್ತು ನೆನಪಿದೆಯಲ್ಲ? ಬರೆಯುವಾಗ 'ದೇ' ಆದ ಮೇಲೆ ಬರುತ್ತದೆ. ಓದುವಾಗ ಮೊದಲೇ ಓದಬೇಕು. ಅಂದು ಪಾಠ ಅದೇ ಆಯಿತು.

ನಿರ್ದೇಶಕರ ಕೆಲಸ ಏನು? ಮದುವೆ ಮನೆಯ ಅಡಿಗೆ ನೆನಪು ಮಾಡಿಕೊಳ್ಳಿ. ತರಕಾರಿ ಹೆಚ್ಚುವವರು ಬೇರೆ. ಕಾಯಿ ತುರಿಯುವವರು ಬೇರೆ. ಒಲೆ ನೋಡುವವರು ಬೇರೆ. ಬಡಿಸುವವರು ಬೇರೆ. ಆದರೆ ಹುಳಿಗೆ ಉಪ್ಪು ಎಷ್ಟು, ಅನ್ನ ಯಾವಾಗ ಇಳಿಸಬೇಕು, ಯಾವುದು ಮೊದಲು ಬಡಿಸಬೇಕು ಎಂದು ಹೇಳುವವರು ಒಬ್ಬರೇ. ಊಟ ಕೆಟ್ಟರೆ ಬೈಗುಳವೂ ಅವರಿಗೇ. ಸಿನಿಮಾದಲ್ಲೂ ಹಾಗೇ. ಕತೆ ಬರೆಯುವವರು, ಹಾಡು ಕಟ್ಟುವವರು, ಕ್ಯಾಮೆರಾ ಹಿಡಿಯುವವರು, ನಟಿಸುವವರು, ತೆಗೆದ ಚಿತ್ರವನ್ನು ಕತ್ತರಿಸಿ ಜೋಡಿಸುವವರು, ಹೀಗೆ ನೂರಾರು ಜನ ಇರುತ್ತಾರೆ. ಇವಳು ಇಲ್ಲಿ ಅಳಬೇಕು, ಇಲ್ಲಿ ಸುಮ್ಮನೆ ಕಿಟಕಿ ನೋಡಬೇಕು, ಇಲ್ಲಿ ಹಾಡು ಬೇಡ ಎಂದು ತೀರ್ಮಾನ ಮಾಡುವವರು ನಿರ್ದೇಶಕರು.

'ಶರಪಂಜರ'ದ ನಿರ್ದೇಶಕರು ಎಸ್.ಆರ್. ಪುಟ್ಟಣ್ಣ ಕಣಗಾಲ್. ಕಣಗಾಲ್ ಎಂಬುದು ಊರಿನ ಹೆಸರು. ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ ಅದು. ಪುಟ್ಟಣ್ಣ ಅಲ್ಲಿ 1933ರಲ್ಲಿ ಹುಟ್ಟಿದರು. ಮೊದಲು ಬಿ.ಆರ್. ಪಂತುಲು ಎಂಬ ನಿರ್ದೇಶಕರ ಕೈಕೆಳಗೆ ಕೆಲಸ ಕಲಿತರು. ಕನ್ನಡದಲ್ಲಿ ಅವರ ಮೊದಲ ಸಿನಿಮಾ 'ಬೆಳ್ಳಿಮೋಡ'. ಅದು ಬಂದದ್ದು 1967ರಲ್ಲಿ.

'ಬೆಳ್ಳಿಮೋಡ'ದ ಕತೆ ನಮ್ಮ ಅಕ್ಕಂದಿರಿಗೆ ತುಂಬಾ ಹಿಡಿಸಿತು. ಇಂದಿರಾ ಸಾಹುಕಾರರ ಒಬ್ಬಳೇ ಮಗಳು. ಮೋಹನ ಎಂಬುವನ ಜೊತೆ ಮದುವೆ ಗೊತ್ತಾಗುತ್ತದೆ. ಮಾವನ ದುಡ್ಡಿನಲ್ಲೇ ಅವನು ಪರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿ ಗಂಡುಮಗು ಹೆತ್ತು ಸಾಯುತ್ತಾಳೆ. ಆಸ್ತಿ ಈಗ ಇಂದಿರಾಳಿಗೆ ಬರುವುದಿಲ್ಲ, ತಮ್ಮನಿಗೆ ಹೋಗುತ್ತದೆ. ಮೋಹನ ವಾಪಸು ಬಂದು ಮದುವೆ ಬೇಡ ಅನ್ನುತ್ತಾನೆ. ಮುಂದೆ ಅವನೇ ಪೆಟ್ಟು ಬಿದ್ದು ಮಲಗುತ್ತಾನೆ. ಇಂದಿರಾಳೇ ಅವನ ಆರೈಕೆ ಮಾಡುತ್ತಾಳೆ. ಅವನಿಗೆ ಬುದ್ಧಿ ಬಂದು, ಮದುವೆಯಾಗೋಣ ಅನ್ನುತ್ತಾನೆ. ಆಗ ಇಂದಿರಾ ಏನು ಮಾಡುತ್ತಾಳೆ? ಬೇಡ ಅನ್ನುತ್ತಾಳೆ! ಅರುವತ್ತು ವರ್ಷದ ಹತ್ತಿರ ಆಯಿತು ಆ ಸಿನಿಮಾ ಬಂದು. ಇಂದಿಗೂ ಅದನ್ನು ನೋಡುವಾಗ, ಇವಳು ಹೂಂ ಅಂದುಬಿಡುತ್ತಾಳೇನೋ ಎಂದು ನಮಗೆ ಭಯ ಆಗುತ್ತದೆ.

'ಬೆಳ್ಳಿಮೋಡ', 'ಶರಪಂಜರ' ಎರಡೂ ಮೊದಲು ಕಾದಂಬರಿಗಳು. ಎರಡನ್ನೂ ಬರೆದವರು ತ್ರಿವೇಣಿ ಎಂಬ ಹೆಣ್ಣುಮಗಳು. ಅವರ ನಿಜ ಹೆಸರು ಅನಸೂಯಾ ಶಂಕರ್. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ತಿಳಿದುಕೊಂಡು ಬರೆದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದರ ಆಸುಪಾಸು. ತಮ್ಮ ಕತೆ ಸಿನಿಮಾ ಆದದ್ದನ್ನು ಅವರು ನೋಡಲೇ ಇಲ್ಲ.

'ಶರಪಂಜರ' ಬಂದದ್ದು 1971ರಲ್ಲಿ. ಕಾವೇರಿ ಎಂಬ ಸುಖವಾಗಿದ್ದ ಹೆಂಗಸು. ಗಂಡ, ಮಗು, ಮನೆ ಎಲ್ಲ ಇದೆ. ಒಂದು ಹೆರಿಗೆಯ ಹೊತ್ತಿನಲ್ಲಿ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಯಿತು, ಆದರೆ 'ಹುಚ್ಚಿ' ಎಂಬ ಹೆಸರು ಹೋಗಲಿಲ್ಲ. ಜೋರಾಗಿ ನಕ್ಕರೆ ಅನುಮಾನ. ಅತ್ತರೆ ಅನುಮಾನ. ಸೀರೆ ಚೆನ್ನಾಗಿ ಉಟ್ಟರೂ ಅನುಮಾನ. ಗಂಡನೂ ದೂರವಾಗಿ ಇನ್ನೊಬ್ಬಳ ಸಂಗ ಮಾಡಿರುತ್ತಾನೆ. ಕೊನೆಗೆ ಕಾವೇರಿ ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಇದನ್ನು ಮಾತಾಡುತ್ತಿದ್ದಾಗ ಒಬ್ಬ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ನಾದಿನಿಗೂ ಹೀಗೇ ಆಗಿತ್ತಂತೆ. ಬಾಣಂತಿ ನಿದ್ದೆ ಮಾಡುತ್ತಿರಲಿಲ್ಲ. ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಏನೇನೋ ಮಾತಾಡುತ್ತಿದ್ದಳು. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. "ಆಮೇಲೆ ತವರಿಗೆ ಕಳಿಸಿಬಿಟ್ಟರು ಟೀಚ್ರೇ. ಮಗೂನ ನಾವೇ ಇಟ್ಕೊಂಡ್ವಿ. ನಾನೂ ಸುಮ್ಮನಿದ್ದೆ."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾವು ಗೊತ್ತಿದ್ದಷ್ಟು ಹೇಳಿದೆವು. ಇದು ಗಾಳಿಯಲ್ಲ, ಶಾಪವಲ್ಲ. ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ. ಔಷಧಿಯಿಂದ ವಾಸಿಯಾಗುತ್ತದೆ. ಬಾಣಂತಿಗೆ ನಿದ್ದೆ ಪೂರ್ತಿ ಕೆಟ್ಟರೆ, ಇಲ್ಲದ ದನಿ ಕೇಳಿಸಿದರೆ, ತನಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ಕಾಯಬಾರದು. ಅವಳನ್ನು ಒಬ್ಬಳೇ ಬಿಡಬಾರದು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ಮಗುವನ್ನು ಕಿತ್ತುಕೊಳ್ಳಬೇಕಾಗಿಲ್ಲ.

ಆ ಅಕ್ಕ ಮುಂದಿನ ವಾರ ಕ್ಲಾಸಿಗೆ ಬರಲಿಲ್ಲ. ನಾದಿನಿಯನ್ನು ನೋಡಲು ಹೋಗಿದ್ದರು ಎಂದು ಆಮೇಲೆ ಗೊತ್ತಾಯಿತು.

ಪುಟ್ಟಣ್ಣನವರ ಇನ್ನೊಂದು ದೊಡ್ಡ ಸಿನಿಮಾ 'ಗೆಜ್ಜೆಪೂಜೆ', 1969ರದು. ದೇವದಾಸಿ ಮನೆಯ ಹುಡುಗಿ ಚಂದ್ರಾ ಓದಬೇಕು, ಮದುವೆಯಾಗಬೇಕು, ಎಲ್ಲರ ಹಾಗೆ ಬಾಳಬೇಕು ಎಂದು ಆಸೆಪಡುತ್ತಾಳೆ. ಆಸೆ ಕೈಗೂಡುವುದಿಲ್ಲ. ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ಅವಳು ಪ್ರಾಣವನ್ನೇ ಬಿಡುತ್ತಾಳೆ. ನಮ್ಮ ರಾಜ್ಯದಲ್ಲಿ ಹುಡುಗಿಯರನ್ನು ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾನೂನು ಆದದ್ದು 1982ರಲ್ಲಿ. ಸಿನಿಮಾ ಬಂದು ಹದಿಮೂರು ವರ್ಷ ಆಗಿತ್ತು.

'ನಾಗರಹಾವು' ಗೊತ್ತಿಲ್ಲದವರು ಯಾರಿದ್ದಾರೆ? 1972ರಲ್ಲಿ ಬಂತು. ಚಿತ್ರದುರ್ಗದ ಕೋಟೆ, ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ಅದರಲ್ಲಿ ಒನಕೆ ಓಬವ್ವನಾಗಿ ಜಯಂತಿ ಬರುವುದು ಸ್ವಲ್ಪವೇ ಹೊತ್ತು. ಆದರೂ ಓಬವ್ವ ಅಂದರೆ ನಮಗೆಲ್ಲ ಜಯಂತಿಯ ಮುಖವೇ ಕಣ್ಣಿಗೆ ಬರುತ್ತದೆ. ನಿರ್ದೇಶಕರ ಕೈಚಳಕ ಅಂದರೆ ಇದು.

ಪುಟ್ಟಣ್ಣನವರ ಮೇಲೆ ನಮಗೊಂದು ತಕರಾರೂ ಇದೆ. ಅವರ ಸಿನಿಮಾದಲ್ಲಿ ಹೆಣ್ಣಿನ ಕಷ್ಟ ಚೆನ್ನಾಗಿ ಕಾಣುತ್ತದೆ. ಆದರೆ ಕಷ್ಟಪಟ್ಟವಳು ಕೊನೆಗೆ ಹುಚ್ಚಿಯಾಗಬೇಕು, ಇಲ್ಲವೇ ಸಾಯಬೇಕು. "ಗೆಲ್ಲೋ ಹೆಂಗಸು ಸಿಗಲಿಲ್ವಾ ಅವರಿಗೆ?" ಎಂದು ಒಬ್ಬ ಅಕ್ಕ ಕೇಳಿದರು. "ಇಂದಿರಾ ಗೆದ್ದಳಲ್ಲ" ಎಂದರು ಇನ್ನೊಬ್ಬರು. "ಗೆದ್ದು ಒಂಟಿಯಾದ್ಲು" ಎಂದರು ಮೊದಲನೆಯವರು. ಜಗಳ ಒಂಬತ್ತೂವರೆವರೆಗೆ ನಡೆಯಿತು. ಪುಟ್ಟಣ್ಣ 1985ರಲ್ಲಿ ತೀರಿಕೊಂಡರು. ಇದ್ದಿದ್ದರೆ ಅವರನ್ನೇ ಕೇಳಬಹುದಿತ್ತು.

ಇನ್ನೊಬ್ಬ ನಿರ್ದೇಶಕರು ಗಿರೀಶ್ ಕಾಸರವಳ್ಳಿ. ತೀರ್ಥಹಳ್ಳಿ ಸೀಮೆಯವರು. ಇವರ ನಾಲ್ಕು ಸಿನಿಮಾಗಳಿಗೆ ದೇಶದಲ್ಲೇ ಉತ್ತಮ ಚಿತ್ರ ಎಂದು ಸ್ವರ್ಣ ಕಮಲ ಪ್ರಶಸ್ತಿ ಬಂದಿದೆ. 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಇವರ ಸಿನಿಮಾದಲ್ಲಿ ಕುಣಿತ, ಹೊಡೆದಾಟ ಇರುವುದಿಲ್ಲ. ನಿಧಾನವಾಗಿ ಹೋಗುತ್ತದೆ. ಮೊದಲ ಸಲ ತೋರಿಸಿದಾಗ ಇಬ್ಬರು ಅಕ್ಕಂದಿರು ನಿದ್ದೆ ಹೋದರು, ನಿಜ ಹೇಳಬೇಕು.

ಆದರೆ 'ದ್ವೀಪ' ನೋಡುವಾಗ ಯಾರೂ ಮಲಗಲಿಲ್ಲ. ಅದು 2002ರದು. ಕತೆ ನಾ. ಡಿಸೋಜ ಅವರದು. ಅಣೆಕಟ್ಟಿನ ನೀರು ಏರಿ ಊರು ಮುಳುಗುತ್ತಿದೆ. ಎಲ್ಲರೂ ಊರು ಬಿಟ್ಟಿದ್ದಾರೆ. ನಾಗಿ, ಅವಳ ಗಂಡ ಗಣಪ, ಮಾವ ದುಗ್ಗಜ್ಜ ಮಾತ್ರ ಗುಡ್ಡದ ಮೇಲೆ ಉಳಿಯುತ್ತಾರೆ. ಸಿನಿಮಾ ತುಂಬಾ ಮಳೆ. ನೀರು ಏರುತ್ತಲೇ ಇದೆ. ಆ ನೀರಿನಲ್ಲಿ ಸಂಸಾರ ಕಾಪಾಡಲು ಹೆಣಗುವವಳು ನಾಗಿ. ಕೊನೆಗೆ ನೀರು ನಿಲ್ಲುತ್ತದೆ. ಗಂಡ ಅವಳಿಗೆ ಒಂದು ಒಳ್ಳೆ ಮಾತು ಆಡುತ್ತಾನೆಯೇ? ಇಲ್ಲ. ದೇವರು ಕಾಪಾಡಿದ ಅನ್ನುತ್ತಾನೆ. ನಾಗಿಯಾಗಿ ಸೌಂದರ್ಯ ನಟಿಸಿದ್ದಾರೆ. ಆಗ ಅವಳ ಮುಖ ನೋಡಬೇಕು. "ನಮ್ಮನೇಲೂ ಇದೇ ಕತೆ" ಎಂದು ಮೂರು ನಾಲ್ಕು ಜನ ಒಟ್ಟಿಗೇ ಅಂದರು.

'ತಬರನ ಕಥೆ' 1986ರದು. ಕತೆ ಪೂರ್ಣಚಂದ್ರ ತೇಜಸ್ವಿಯವರದು. ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಹಣ ಬರುವಷ್ಟರಲ್ಲಿ ಅವಳು ಇಲ್ಲ. ವಿಧವಾ ವೇತನಕ್ಕೆ ಅರ್ಜಿ ಕೊಟ್ಟು ಕಾಯುತ್ತಿರುವವರು ಇದನ್ನು ನೋಡಿ.

ಹೆಂಗಸರು ನಿರ್ದೇಶನ ಮಾಡಿಲ್ಲವೇ? ಮಾಡಿದ್ದಾರೆ. ಪ್ರೇಮಾ ಕಾರಂತರು ನಾಟಕ ಮಾಡಿಸುತ್ತಿದ್ದವರು. ಅವರು 'ಫಣಿಯಮ್ಮ' ಎಂಬ ಸಿನಿಮಾ ಮಾಡಿದರು. ಮಗುವಾಗಿದ್ದಾಗಲೇ ಮದುವೆಯಾಗಿ, ಮಗುವಾಗಿದ್ದಾಗಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮ ಮುದುಕಿಯಾಗುವವರೆಗೆ ಮಡಿ ಹೆಂಗಸಾಗಿಯೇ ಬದುಕುತ್ತಾಳೆ. ಊರಿನ ಎಲ್ಲ ಜಾತಿಯವರ ಕಷ್ಟಕ್ಕೂ ಆಗುತ್ತಾಳೆ. ಮುಂದೆ ಇನ್ನೊಬ್ಬ ಎಳೆಯ ವಿಧವೆಯ ತಲೆ ಬೋಳಿಸಲು ಹೊರಟಾಗ ಆ ಹುಡುಗಿ ಒಪ್ಪುವುದಿಲ್ಲ. ಆಗ ಫಣಿಯಮ್ಮ ಹುಡುಗಿಯ ಕಡೆ ನಿಲ್ಲುತ್ತಾಳೆ.

ಈ ಕಾದಂಬರಿ ಬರೆದವರು ಎಂ.ಕೆ. ಇಂದಿರಾ. 'ಗೆಜ್ಜೆಪೂಜೆ' ಬರೆದವರೂ ಅವರೇ. ಅವರಿಗೆ ಹನ್ನೆರಡನೇ ವಯಸ್ಸಿಗೆ ಮದುವೆಯಾಯಿತು, ಶಾಲೆ ನಿಂತಿತು. ಕಾದಂಬರಿ ಬರೆಯಲು ಶುರು ಮಾಡಿದಾಗ ಅವರಿಗೆ ನಲವತ್ತೈದರ ಸುಮಾರು. ಇದನ್ನು ಹೇಳಿದಾಗ ನಮ್ಮ ಅಜ್ಜಿ, "ಹಂಗಾದ್ರೆ ನಂದು ಇಪ್ಪತ್ತು ವರ್ಷ ತಡ ಆಯ್ತು ಅಷ್ಟೇ" ಅಂದರು.

ಸಿನಿಮಾ ಶುರುವಾಗುವಾಗ ಹೆಸರುಗಳು ಬರುತ್ತವೆ. ಆ ಹೊತ್ತಿಗೆ ನಾವೆಲ್ಲ ಒಲೆ ಆರಿಸಲು, ಮಕ್ಕಳನ್ನು ಕರೆಯಲು ಎದ್ದು ಹೋಗುತ್ತೇವೆ. ಈ ಸಲ ಕೂತು ನೋಡಿ. ಹೆಸರು ಬೇಗ ಬೇಗ ಓಡುತ್ತವೆ, ಎಲ್ಲ ಓದಲು ಆಗುವುದಿಲ್ಲ. ನಿರ್ದೇಶಕರ ಹೆಸರು ಸಾಮಾನ್ಯವಾಗಿ ಎಲ್ಲರಿಗಿಂತ ಕೊನೆಗೆ, ಒಂದೇ ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಮೊನ್ನೆ ಅಜ್ಜಿ ಅದನ್ನು ಅಕ್ಷರ ಕೂಡಿಸಿ ಓದಿದರು. ಅರ್ಕಾವತ್ತನ್ನೂ ಬಿಡಲಿಲ್ಲ.