ಮೊದಲ ತಲೆಮಾರಿನ ವಿದ್ಯಾರ್ಥಿಗೆ ನೆರವು

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಬರಲಾರರೆಂಬುದು ಬೇಗನೆ ವಿದಿತವಾಯಿತು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಪಂಗಡಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಆ ಪಂಗಡಗಳಿಗೆ ವಿದ್ಯಾರ್ಥಿವೇತನಗಳನ್ನೂ ಸೂಚಿಸಿತು.

ಉಚಿತ ವಿದ್ಯಾರ್ಥಿನಿಲಯಗಳು ಹಸಿವನ್ನಷ್ಟೇ ನೀಗಲಿಲ್ಲ. ಯಾವ ವಿಷಯವನ್ನು ಆರಿಸಬೇಕು, ಅರ್ಜಿಯನ್ನು ಎಂದು ಸಲ್ಲಿಸಬೇಕು ಎಂದು ಮನೆಯಲ್ಲಿ ಹೇಳುವವರಿಲ್ಲದ ಹುಡುಗನಿಗೆ ನಿಲಯದ ಹಿರಿಯ ವಿದ್ಯಾರ್ಥಿಯೇ ಅಣ್ಣನಾದನು.

ಇಂದು ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿನಿಗೆ ಆ ಒಡನಾಟವಿಲ್ಲ. ಮೊದಲ ಪರೀಕ್ಷೆಯಲ್ಲಿ ಸೋತರೆ ತನ್ನ ಬುದ್ಧಿಯೇ ಸಾಲದೆಂದು ಬಗೆದು ಅವಳು ಕಾಲೇಜನ್ನು ತೊರೆಯುವುದುಂಟು. ಆದುದರಿಂದ ಅಧ್ಯಾಪಕರು ವರ್ಷಾರಂಭದಲ್ಲಿಯೇ ಇಂತಹವರನ್ನು ಹೆಸರು ಹಿಡಿದು ಕರೆದು ವಿಚಾರಿಸಬೇಕು. ಹಿರಿಯ ವಿದ್ಯಾರ್ಥಿಗಳನ್ನು ಅವರಿಗೆ ಜೊತೆಗೂಡಿಸಬೇಕು. ಕೇಳಲು ಅಳುಕುವವರಿಗೆ ತಾವಾಗಿಯೇ ತಿಳಿಸುವುದೂ ಬೋಧನೆಯ ಅಂಗವೆಂದು ನಾವು ಭಾವಿಸುತ್ತೇವೆ.