ಕಣ್ಣು ಮಿಟುಕಿಸುವ ಮಗುವನ್ನು ಗದರಬೇಡಿ

ನಮ್ಮ ಉಬ್ರಾಣಿ ಕಡೆ ಮಗು ಪದೇಪದೇ ಕಣ್ಣು ಮಿಟುಕಿಸಿದರೆ, ಭುಜ ಹಾರಿಸಿದರೆ ಮೊದಲು ದೃಷ್ಟಿ ತೆಗೆಯುತ್ತಾರೆ, ಆಮೇಲೆ ಗದರುತ್ತಾರೆ. ಅಂಗನವಾಡಿಯಲ್ಲಿ ಮಕ್ಕಳ ಜೊತೆ ದಿನ ಕಳೆಯುವ ನನಗೆ ಆ ಗದರುವುದೇ ಸಂಕಟ. ಅಡಿಕೆ ಸುಲಿಯಲು ಸೇರಿದ ಹತ್ತು ಜನರೆದುರು ‘ಏನೋ ಅದು, ನಿಲ್ಸೋ’ ಎಂದರೆ ಮಗು ಇನ್ನೂ ಜೋರಾಗಿ ಭುಜ ಹಾರಿಸುತ್ತದೆ. ಅದು ಹಟವಲ್ಲ. ಸೀನು ಬರುವ ಮುಂಚಿನಂಥ ಒತ್ತಡ ಒಳಗೆ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಅಷ್ಟೆ.

ವೈದ್ಯರು ಇದನ್ನು ಟಿಕ್ ಎನ್ನುತ್ತಾರೆ. ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿನಲ್ಲಿ ಶುರುವಾಗಿ, 10–12ರಲ್ಲಿ ಹೆಚ್ಚಿ, ಆಮೇಲೆ ಬಹುಪಾಲು ಮಕ್ಕಳಲ್ಲಿ ತಗ್ಗುತ್ತದೆ. ನಿದ್ದೆಗೆಟ್ಟಾಗ, ಆತಂಕವಾದಾಗ ಜಾಸ್ತಿ. ಇಂಥ ಹಲವು ಚಲನೆಗಳ ಜೊತೆ ಗಂಟಲಿನ ಸದ್ದೂ ಸೇರಿ ವರ್ಷ ದಾಟಿದರೆ ಅದು ಟುರೆಟ್ ಸಿಂಡ್ರೋಮ್. ಫ್ರಾನ್ಸಿನ ವೈದ್ಯ ಜಿಲ್ ಡಿ ಲಾ ಟುರೆಟ್ 1885ರಲ್ಲೇ ವಿವರಿಸಿದ್ದು.

ಖುಷಿಯಾದಾಗ ಪದೇಪದೇ ಕೈ ಬಡಿಯುವುದು, ಮೈ ತೂಗುವುದು ಟಿಕ್ ಅಲ್ಲ, ಅದು ಬೇರೆ. ಅದು ಸಾಮಾನ್ಯವಾಗಿ 3 ವರ್ಷಕ್ಕೂ ಮುಂಚೆಯೇ ಕಾಣಿಸುತ್ತದೆ. ಜೊತೆಗೆ ಮಾತು ತಡವಾಗಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಟಿಕ್‌ನಿಂದ ಮೈ ನೋಯುತ್ತಿದ್ದರೆ, ಶಾಲೆಗೆ ಹೋಗಲು ಅಂಜುತ್ತಿದ್ದರೆ ಕೂಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.